ಕಡಲ ಮೇಲೆ ಒಂದು ದಿನ ಸುಮ್ನೆ ಕೂರಬೇಕಾ? ಮಂಗಳೂರು, ಉಡುಪಿಯವರು ಯಾವ ಕ್ರೂಸ್ ಆರಿಸಬೇಕು

ಕ್ರೂಸ್ ಬುಕ್ ಮಾಡಲಿಕ್ಕೆ ಕೂತವರು ಮೊದಲು ನೋಡುವುದು ಹಡಗು ಯಾವ್ಯಾವ ಊರಲ್ಲಿ ನಿಲ್ಲುತ್ತದೆ ಅಂತ. ಗೋವಾ ಉಂಟಾ, ಕೊಚ್ಚಿ ಉಂಟಾ, ಲಕ್ಷದ್ವೀಪ ಉಂಟಾ. ಆರಾಮ ಬೇಕು ಅಂತ ಹೊರಟವರಿಗೆ ಇದು ತಲೆಕೆಳಗಿನ ಲೆಕ್ಕ. ನಿಲ್ಲುವ ಊರು ಜಾಸ್ತಿಯಾದಷ್ಟೂ ಬೆಳಗ್ಗೆ ಬೇಗ ಏಳಬೇಕು, ಇಳಿಯಲಿಕ್ಕೆ ಸಾಲು ನಿಲ್ಲಬೇಕು, ಟ್ಯಾಕ್ಸಿಯವನ ಹತ್ತಿರ ಚೌಕಾಸಿ ಮಾಡಬೇಕು, ಸಂಜೆ ಹಡಗು ಬಿಡುವ ಮೊದಲು ಓಡಿ ಬರಬೇಕು. ಗೋವಾ ನೋಡಲಿಕ್ಕೆ ಹಡಗು ಯಾಕೆ? ಉಡುಪಿಯಿಂದ ಮಡಗಾಂವಿಗೆ ರೈಲಲ್ಲಿ ಸುಮಾರು ನಾಲ್ಕು ಗಂಟೆ, 2023ರ ಡಿಸೆಂಬರಿನಿಂದ ವಂದೇ ಭಾರತ್ ಕೂಡ ಓಡುತ್ತಿದೆ.

ಹಡಗಲ್ಲಿ ಮಾತ್ರ ಸಿಗುವ ವಸ್ತು ಒಂದೇ. ಬೆಳಗ್ಗೆಯಿಂದ ರಾತ್ರಿ ತನಕ ಎಲ್ಲೂ ನಿಲ್ಲದೆ, ನಾಲ್ಕೂ ಕಡೆ ದಡ ಕಾಣದೆ, ಬರೀ ನೀರಿನ ಮೇಲೆ ಕಳೆಯುವ ದಿನ. ಕಂಪನಿಗಳ ವೇಳಾಪಟ್ಟಿಯಲ್ಲಿ ಇದನ್ನು 'ಅಟ್ ಸೀ' ಅಂತ ಚಿಕ್ಕದಾಗಿ ಬರೆದಿರುತ್ತಾರೆ, ಆ ಸಾಲಿನ ಪಕ್ಕ ಫೋಟೊ ಕೂಡ ಇರುವುದಿಲ್ಲ. ಈ ಬರಹದಲ್ಲಿ ನಾನು ಎಲ್ಲ ಆಯ್ಕೆಗಳನ್ನೂ ಅಳೆಯುವುದು ಆ ಒಂದು ಸಾಲಿನಿಂದಲೇ.

"ಇಡೀ ದಿನ ಹಡಗಲ್ಲಿ ಎಂಥ ಮಾಡುವುದು ಮಾರಾಯ್ರೇ?" ಅಂತ ಕೇಳುವವರು ನಮ್ಮಲ್ಲಿ ಜಾಸ್ತಿ. ಸಹಜವೇ. ನಮ್ಮ ಕಡೆ ಕಡಲಿಗೆ ಹೋಗುವುದೆಂದರೆ ದುಡಿಯಲಿಕ್ಕೆ. ಮಲ್ಪೆಯ ಆಳಸಮುದ್ರ ಬೋಟು ಹತ್ತಿದವರು ವಾರ, ಹತ್ತು ದಿನ ಅಲ್ಲೇ ಇರುತ್ತಾರೆ. ದುಡ್ಡು ಕೊಟ್ಟು ಅದೇ ಕಡಲಲ್ಲಿ ಸುಮ್ನೆ ಕೂರಲಿಕ್ಕೆ ಹೋಗುತ್ತಿದ್ದೇನೆ ಅಂತ ಧಕ್ಕೆಯಲ್ಲಿ ಯಾರಿಗಾದರೂ ಹೇಳಿ ನೋಡಿ, ಬಿದ್ದು ಬಿದ್ದು ನಗುತ್ತಾರೆ. ಆದರೂ ಆ ಪ್ರಶ್ನೆಗೆ ನಿಮ್ಮ ಉತ್ತರ ಏನು ಅನ್ನುವುದು ಮುಖ್ಯ. "ಏನೂ ಮಾಡುವುದು ಬೇಡ, ಸಾಕಾಗಿದೆ" ಅನ್ನುವವರಿಗೆ ಒಂದು ಹಡಗು, "ಮಕ್ಕಳು ಸುಮ್ನೆ ಕೂರುವುದಿಲ್ಲ" ಅನ್ನುವವರಿಗೆ ಇನ್ನೊಂದು.

ಪಣಂಬೂರಿಂದಲೇ ಹತ್ತಬಹುದಾ?

ಎಲ್ಲರೂ ಕೇಳುವ ಪ್ರಶ್ನೆ. ಚಳಿಗಾಲ ಬಂತೆಂದರೆ ನವಮಂಗಳೂರು ಬಂದರಿಗೆ ದೊಡ್ಡ ಬಿಳಿ ಹಡಗುಗಳು ಬರುತ್ತವೆ, ಪೇಪರಲ್ಲಿ ಫೋಟೊ ಬರುತ್ತದೆ, ಯಕ್ಷಗಾನದ ವೇಷ ಹಾಕಿ ಸ್ವಾಗತ ಮಾಡುತ್ತಾರೆ. ಅದರಲ್ಲಿ ಬಂದ ವಿದೇಶಿಯರು ಬಸ್ಸಲ್ಲಿ ಕದ್ರಿ, ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳ ಅಂತ ಸುತ್ತಿ ಸಂಜೆಗೆ ವಾಪಸ್ ಹತ್ತುತ್ತಾರೆ. ಅವು ದೂರದ ಪಯಣದ ಹಡಗುಗಳು, ಇಲ್ಲಿ ಹಗಲು ನಿಂತು ಮುಂದಿನ ಬಂದರಿಗೆ ಹೋಗುವಂಥವು. ಇಲ್ಲಿ ಟಿಕೆಟ್ ತೆಗೆದು ಹತ್ತುವ ಲೆಕ್ಕ ಅವಕ್ಕಿಲ್ಲ. ಹಾಗಾಗಿ ನಮಗೆ ಉಳಿಯುವುದು ಮುಂಬೈ, ಕೊಚ್ಚಿ, ಇಲ್ಲವೇ ವಿಮಾನ ಹತ್ತಿ ದುಬೈ ಅಥವಾ ಸಿಂಗಾಪುರ.

ಮುಂಬೈಯಿಂದ ಹೊರಡುವ ಹಡಗು

ನಮ್ಮ ದೇಶದ ಒಳಗೇ ಕ್ರೂಸ್ ಅಂದರೆ ಹೆಚ್ಚಿನವರಿಗೆ ಗೊತ್ತಿರುವುದು ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್. 2021ರಲ್ಲಿ ಇಲ್ಲಿ ಓಡಾಟ ಶುರು ಮಾಡಿತು. ಹಡಗು 1990ರಲ್ಲಿ ಕಟ್ಟಿದ್ದು, ಮೊದಲು ಅಮೆರಿಕದ ಕಡೆ ರಾಯಲ್ ಕೆರಿಬಿಯನ್ ಕಂಪನಿಗೆ ಓಡುತ್ತಿತ್ತು. ಉದ್ದ 211 ಮೀಟರ್. ಈಗಿನ ವಿದೇಶಿ ಹಡಗುಗಳ ಎದುರು ಇದು ಚಿಕ್ಕದು, ಆದರೆ ಆರಾಮಕ್ಕೆ ಬರುವವರಿಗೆ ಚಿಕ್ಕದಾದರೆ ನಷ್ಟವೇನಿಲ್ಲ. ಕ್ಯಾಬಿನ್‌ನಿಂದ ಡೆಕ್ಕಿಗೆ ಹೋಗಲಿಕ್ಕೆ ನಕ್ಷೆ ಬೇಡ, ಮೊದಲ ದಿನ ಸಂಜೆಯೇ ದಾರಿ ಗೊತ್ತಾಗುತ್ತದೆ.

ಇಲ್ಲಿ ಆರಿಸುವಾಗ ರಾತ್ರಿಗಳನ್ನು ಎಣಿಸಬೇಡಿ, ಪೂರ್ತಿ ಹಗಲುಗಳನ್ನು ಎಣಿಸಿ. ಎರಡು ರಾತ್ರಿಯ ಪ್ರವಾಸ ಅಂದರೆ ಮೊದಲ ದಿನ ಮಧ್ಯಾಹ್ನ ಹತ್ತುವುದು, ಮೂರನೆಯ ದಿನ ಬೆಳಗ್ಗೆ ಬ್ಯಾಗ್ ಹಿಡಿದು ಇಳಿಯುವುದು. ಮಧ್ಯೆ ಸಿಗುವುದು ಒಂದೇ ಹಗಲು. ಅದು ಮುಂಬೈ–ಗೋವಾ–ಮುಂಬೈ ಆದರೆ ಆ ಒಂದು ಹಗಲೂ ಗೋವಾದ ಮುರ್ಮುಗೋವಾ ಬಂದರಿನಲ್ಲಿ ಹೋಯಿತು. ಅದೇ ಎರಡು ರಾತ್ರಿ, ಎಲ್ಲೂ ನಿಲ್ಲದೆ ಕಡಲಲ್ಲೇ ಸುತ್ತಿ ಬರುವ ವಾರಾಂತ್ಯದ ಪ್ರವಾಸ ಆದರೆ ಆ ಹಗಲು ಪೂರ್ತಿ ನಿಮ್ಮದು. ದುಡ್ಡು ಹೆಚ್ಚುಕಡಿಮೆ ಒಂದೇ, ಸಿಗುವುದು ಬೇರೆ. ಗೋವಾ ಇದ್ದರೆ "ಏನೋ ನೋಡಿದ ಹಾಗಾಯಿತು" ಅಂತ ಜನ ಅದನ್ನೇ ಹಿಡಿಯುತ್ತಾರೆ. ನಾನಾದರೆ ಎಲ್ಲೂ ನಿಲ್ಲದ್ದನ್ನೇ ಹಿಡಿಯುತ್ತೇನೆ.

ಆದರೆ ಒಂದು ತೊಂದರೆ ಉಂಟು. ಶುಕ್ರವಾರ ಹೊರಟು ಭಾನುವಾರ ಬರುವ ಪ್ರವಾಸಕ್ಕೆ ಆಫೀಸಿನ ತಂಡಗಳು, ಹುಟ್ಟುಹಬ್ಬದ ಗುಂಪುಗಳು ಜಾಸ್ತಿ ಬರುತ್ತವೆ. ಪೂಲ್ ಪಕ್ಕ ಡಿಜೆ ಹಾಕಿದರೆ ಮೇಲಿನ ಡೆಕ್ ಪೂರ್ತಿ ಕೇಳುತ್ತದೆ. ವಾರದ ನಡುವಿನ ದಿನಗಳಲ್ಲಿ ಹೊರಡುವುದರಲ್ಲಿ ಕುಟುಂಬದವರು, ನಿವೃತ್ತರು ಹೆಚ್ಚು. ರಜೆ ಹಾಕಲಿಕ್ಕೆ ಆಗುವುದಾದರೆ ಸೋಮವಾರದ ಹಡಗೇ ಒಳ್ಳೆಯದು.

ಆರಾಮದ ಲೆಕ್ಕದಲ್ಲಿ ಮುಂಬೈಯ ಅತ್ಯುತ್ತಮ ಆಯ್ಕೆ ಲಕ್ಷದ್ವೀಪದ ಕಡೆಯದು. ದೂರ ಅಷ್ಟು ಇರುವ ಕಾರಣ ಹೋಗುವಾಗಲೂ ಬರುವಾಗಲೂ ಸಾಮಾನ್ಯವಾಗಿ ಒಂದೊಂದು ದಿನ ಕಡಲಲ್ಲೇ ಕಳೆಯಬೇಕು. ನಡುವೆ ಅಗಟ್ಟಿಯಂಥ ಒಂದು ದ್ವೀಪ. ಅಲ್ಲಿ ಹಡಗು ದಡಕ್ಕೆ ಹೋಗುವುದಿಲ್ಲ, ದೂರದಲ್ಲಿ ಲಂಗರು ಹಾಕಿ ಚಿಕ್ಕ ಬೋಟಲ್ಲಿ ಕರೆದುಕೊಂಡು ಹೋಗುತ್ತಾರೆ. ಅಲೆ ಜಾಸ್ತಿ ಇದ್ದರೆ ಕ್ಯಾಪ್ಟನ್ ದ್ವೀಪವನ್ನೇ ರದ್ದು ಮಾಡಬಹುದು, ಅದು ಅವರ ಅಧಿಕಾರ, ವಾದ ಮಾಡಿ ಪ್ರಯೋಜನ ಇಲ್ಲ. ದ್ವೀಪಕ್ಕಾಗಿಯೇ ಹೋದವರಿಗೆ ಬೇಜಾರು. ಸುಮ್ನೆ ಕೂರಲಿಕ್ಕೆ ಹೋದವರಿಗೆ ಇನ್ನೊಂದು ದಿನ ಸಿಕ್ಕಿತು ಅಷ್ಟೆ.

ಕೊಚ್ಚಿಯಿಂದ ಲಕ್ಷದ್ವೀಪದ ಸರ್ಕಾರಿ ಹಡಗು

ಇದನ್ನು ಕ್ರೂಸ್ ಅಂತ ಮಾರುತ್ತಾರೆ, ನಿಜಕ್ಕೂ ಇದು ದ್ವೀಪದವರ ಬಸ್ಸು. ಎಂವಿ ಕವರತ್ತಿಯಂಥ ಹಡಗಲ್ಲಿ ದ್ವೀಪದ ಜನ ಆಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ ಅಂತ ಕೊಚ್ಚಿಗೆ ಬಂದು ಹೋಗುತ್ತಿರುತ್ತಾರೆ, ಅವರ ಜೊತೆ ಪ್ರವಾಸಿಗರೂ ಇರುತ್ತಾರೆ. ದ್ವೀಪಕ್ಕೆ ಅನುಸಾರ 14ರಿಂದ 18 ಗಂಟೆ ಪಯಣ. ಮೊದಲ ದರ್ಜೆಯಲ್ಲಿ ಇಬ್ಬರ ಕ್ಯಾಬಿನ್, ಎರಡನೆಯದರಲ್ಲಿ ನಾಲ್ವರದು, ಅದರ ಕೆಳಗೆ ಬಂಕ್ ದರ್ಜೆ. ಪೂಲ್ ಇಲ್ಲ, ಶೋ ಇಲ್ಲ, ಕ್ಯಾಸಿನೊ ಇಲ್ಲ. ಕೇರಳದ ಊಟ, ಚಹಾ, ಡೆಕ್ ಮೇಲೆ ಗಾಳಿ.

ಲಕ್ಷದ್ವೀಪ ಪ್ರವಾಸೋದ್ಯಮದವರ 'ಸಮುದ್ರಂ' ಪ್ಯಾಕೇಜು ಐದು ದಿನದ್ದು. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರು ದ್ವೀಪ. ಹಗಲು ದ್ವೀಪದಲ್ಲಿ, ರಾತ್ರಿ ಹಡಗಲ್ಲಿ. ಅಂದರೆ ನಾನು ಹೇಳುತ್ತಿರುವ ಖಾಲಿ ಹಗಲು ಇದರಲ್ಲಿ ಹೆಚ್ಚುಕಡಿಮೆ ಇಲ್ಲ. ಹಡಗು ರಾತ್ರಿ ಓಡುತ್ತದೆ, ನೀವು ಮಲಗಿರುತ್ತೀರಿ. ನೀಲಿ ನೀರು, ಹವಳ, ಸ್ನಾರ್ಕೆಲಿಂಗ್ ಬೇಕಾದವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಆರಾಮ ಬೇಕಾದವರಿಗೆ ಇದು ಸುಸ್ತಿನ ಪ್ರವಾಸ.

ಮಂಡಿ ನೋವಿರುವ ಹಿರಿಯರನ್ನು ಕರೆದುಕೊಂಡು ಹೋಗುವವರು ಒಂದು ದೃಶ್ಯ ಮನಸ್ಸಲ್ಲಿ ಇಟ್ಟುಕೊಳ್ಳಿ. ದೊಡ್ಡ ಹಡಗು ದಡಕ್ಕೆ ಹೋಗದ ಕಡೆ ಹಡಗಿನ ಪಕ್ಕದ ಬಾಗಿಲು ತೆರೆಯುತ್ತಾರೆ. ಕೆಳಗೆ ಚಿಕ್ಕ ಬೋಟು ಬಂದು ತಾಗಿ ನಿಂತಿರುತ್ತದೆ, ನಿಂತಿರುತ್ತದೆ ಅನ್ನುವುದು ಸುಮ್ನೆ ಮಾತಿಗೆ, ಅಲೆಗೆ ಅದು ಮೇಲೆ ಬರುತ್ತದೆ, ಕೆಳಗೆ ಹೋಗುತ್ತದೆ. ಆಚೆ ಈಚೆ ಇಬ್ಬರು ತೋಳು ಹಿಡಿದು, ಬೋಟು ಮೇಲೆ ಬಂದ ಗಳಿಗೆ ನೋಡಿ "ಈಗ" ಅನ್ನುತ್ತಾರೆ. ಆಗ ಕಾಲು ಇಡಬೇಕು. ಯುವಕರಿಗೆ ಅದು ಮಜಾ. ಅಜ್ಜಿಗೆ ಅಲ್ಲ. ಜೊತೆಗೆ ಪರವಾನಗಿ, ಪೊಲೀಸ್ ಕ್ಲಿಯರೆನ್ಸ್ ಕಾಗದ ಇದೆಲ್ಲ ಮೊದಲೇ ಮಾಡಿಸಬೇಕು. ಬಂಗಾರಂ ಬಿಟ್ಟರೆ ದ್ವೀಪಗಳಲ್ಲಿ ಮದ್ಯ ನಿಷೇಧ ಅನ್ನುವುದೂ ಗೊತ್ತಿರಲಿ.

ದುಬೈಯಾ, ಸಿಂಗಾಪುರವಾ?

ದುಬೈ ನಮ್ಮವರಿಗೆ ಪಕ್ಕದ ಮನೆ. ಬಜ್ಪೆಯಿಂದ ನೇರ ವಿಮಾನ ಉಂಟು, ಅಲ್ಲಿ ಅಣ್ಣನೋ ಭಾವನೋ ಚಿಕ್ಕಮ್ಮನ ಮಗನೋ ಯಾರಾದರೂ ಇದ್ದೇ ಇರುತ್ತಾರೆ, ಹಡಗಿನ ಹಿಂದೆ ಮುಂದೆ ಹೋಟೆಲ್ ಖರ್ಚು ಉಳಿಯುತ್ತದೆ. ಅಲ್ಲಿನ ಕ್ರೂಸ್ ಕಾಲ ನವೆಂಬರಿನಿಂದ ಮಾರ್ಚ್ ಸುಮಾರಿಗೆ. ಬೇಸಿಗೆಯಲ್ಲಿ ಆ ಬಿಸಿಲಿಗೆ ಡೆಕ್ ಮೇಲೆ ಯಾರು ಕೂರುತ್ತಾರೆ? ಹೆಚ್ಚಾಗಿ ಏಳು ರಾತ್ರಿಯ ಪ್ರವಾಸ, ಅಬುಧಾಬಿ, ದೋಹಾ ಅಂತ ಸುತ್ತಿ ಬರುತ್ತದೆ. ಏಳು ರಾತ್ರಿ ಇದ್ದರೂ ಪೂರ್ತಿ ಕಡಲ ಹಗಲು ಒಂದೋ ಎರಡೋ, ಯಾಕೆಂದರೆ ಆ ಬಂದರುಗಳು ಒಂದಕ್ಕೊಂದು ಹತ್ತಿರ. ಆದರೆ ಒಂದು ಉಪಾಯ ಉಂಟು: ದುಬೈ, ಅಬುಧಾಬಿ ನೀವು ಮೊದಲೇ ನೋಡಿದವರಾದರೆ ಅಲ್ಲಿ ಇಳಿಯಲೇಬೇಡಿ. ಎಲ್ಲರೂ ಬುರ್ಜ್ ಖಲೀಫಾಕ್ಕೆ ಹೋದ ಹೊತ್ತಲ್ಲಿ ಹಡಗು ಖಾಲಿ, ಪೂಲ್ ಖಾಲಿ, ಕುರ್ಚಿ ಖಾಲಿ. ವೀಸಾ ಮಾತ್ರ ಸರಿಯಾಗಿ ಕೇಳಿಕೊಳ್ಳಿ. ಹಡಗು ಬೇರೆ ದೇಶಕ್ಕೆ ಹೋಗಿ ಮತ್ತೆ ದುಬೈಗೆ ಬರುವುದಾದರೆ ಒಂದೇ ಸಲ ಒಳಗೆ ಬಿಡುವ ವೀಸಾ ಸಾಲದು. ಆ ವರ್ಷ ಕೊಲ್ಲಿಯಲ್ಲಿ ಹಡಗುಗಳು ಓಡುತ್ತಿವೆಯೇ ಅಂತಲೂ ಹಣ ಕಟ್ಟುವ ಮೊದಲು ನೋಡಿ.

ಸಿಂಗಾಪುರದ್ದು ಬೇರೆಯೇ ಲೋಕ. ಹಡಗುಗಳು ಭಾರೀ ದೊಡ್ಡವು, ನಾಲ್ಕು ಸಾವಿರಕ್ಕೂ ಹೆಚ್ಚು ಜನ ಹಿಡಿಯುವಂಥವು. ಜಾರುಬಂಡೆ, ಬಂಡೆ ಹತ್ತುವ ಗೋಡೆ, ಮಕ್ಕಳ ಕ್ಲಬ್ಬು, ನಾಟಕ, ಸಂಗೀತ. ಪೆನಾಂಗ್, ಫುಕೆಟ್ ಕಡೆ ಹೋಗುವ ಮೂರು–ನಾಲ್ಕು ರಾತ್ರಿಯ ಪ್ರವಾಸಗಳಲ್ಲಿ ಹೆಚ್ಚಾಗಿ ಒಂದು ಕಡಲ ಹಗಲು ಸಿಗುತ್ತದೆ. ಮಲಕ್ಕಾ ಜಲಸಂಧಿಯ ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲಯಾ ಇರುವುದರಿಂದ ನೀರು ಬಹುಮಟ್ಟಿಗೆ ಶಾಂತ. ಜಗತ್ತಿನ ಅತಿ ಗಿಜಿಗುಡುವ ಹಡಗು ದಾರಿಗಳಲ್ಲಿ ಅದೂ ಒಂದು, ಬಾಲ್ಕನಿಯಲ್ಲಿ ಕೂತರೆ ಕಂಟೇನರ್ ಹಡಗುಗಳ ಮೆರವಣಿಗೆಯೇ ಕಾಣುತ್ತದೆ. ಮಳೆ ಯಾವಾಗ ಬೇಕಾದರೂ ಬರಬಹುದು. ಹತ್ತು ವರ್ಷದ ಮಕ್ಕಳಿದ್ದರೆ ಕಣ್ಣು ಮುಚ್ಚಿ ಸಿಂಗಾಪುರ. ಮಕ್ಕಳು ಅವರ ಪಾಡಿಗೆ ಅವರು ಹೋಗುತ್ತಾರೆ, ನಿಮ್ಮ ಆರಾಮ ಅಲ್ಲಿಂದ ಶುರು. ಇಬ್ಬರೇ ಹೋಗುವವರಿಗೆ ಅಷ್ಟು ಜನಜಂಗುಳಿ ಬೇಕಾ ಅಂತ ಯೋಚನೆ ಮಾಡಿ.

ಕ್ಯಾಬಿನ್: ಇಲ್ಲೇ ನಿಜವಾದ ಆಯ್ಕೆ

ಯಾವ ಹಡಗು ಅನ್ನುವುದಕ್ಕಿಂತ ಯಾವ ಕ್ಯಾಬಿನ್ ಅನ್ನುವುದರ ಮೇಲೆ ಆ ಒಂದು ದಿನ ಜಾಸ್ತಿ ನಿಂತಿದೆ.

ಒಳಗಿನ ಕ್ಯಾಬಿನ್, ಕಿಟಕಿ ಇಲ್ಲದ್ದು, ಎಲ್ಲಕ್ಕಿಂತ ಅಗ್ಗ. ದೀಪ ಆರಿಸಿದರೆ ಕೈಗೆ ಕೈ ಕಾಣದ ಕತ್ತಲೆ. ಬೆಳಗ್ಗೆ ಹತ್ತಾದರೂ ಗೊತ್ತಾಗುವುದಿಲ್ಲ. ವರ್ಷದ ನಿದ್ದೆ ಬಾಕಿ ಇರುವವರಿಗೆ ಇದು ವರ. ಆದರೆ ಕಡಲು ನೋಡಬೇಕೆಂದರೆ ಪ್ರತಿ ಸಲ ಚಪ್ಪಲಿ ಹಾಕಿ ಮೇಲೆ ಹೋಗಬೇಕು, ಅಲ್ಲಿ ಕುರ್ಚಿ ಸಿಗಬೇಕು. ಕಿಟಕಿ ಇರುವ ಕ್ಯಾಬಿನ್ ನಡುವಿನದು. ಕಿಟಕಿ ತೆರೆಯಲಿಕ್ಕೆ ಬರುವುದಿಲ್ಲ, ಗಾಳಿ ಇಲ್ಲ, ಬೆಳಕು ಮಾತ್ರ. ಬುಕ್ ಮಾಡುವಾಗ ನೋಟಕ್ಕೆ ಅಡ್ಡಿ ಇದೆ ಅಂತ ಬರೆದಿದ್ದರೆ ಕಿಟಕಿ ಎದುರು ಲೈಫ್‌ಬೋಟ್ ನೇತಾಡುತ್ತಿರುತ್ತದೆ ಅಂತ ಅರ್ಥ. ಬೆಲೆ ಕಡಿಮೆ ಇದ್ದರೆ ಅದೂ ಆದೀತು, ಬೆಳಕಿಗೇನೂ ಕೊರತೆ ಇಲ್ಲ.

ಬಾಲ್ಕನಿ ಬೇರೆಯೇ ವಿಷಯ. ಬೆಳಗ್ಗೆ ಲುಂಗಿಯಲ್ಲೇ, ತಲೆ ಬಾಚದೆ, ಚಹಾ ಕಪ್ ಹಿಡಿದು ಹೊರಗೆ ಕೂರಬಹುದು. ಯಾರೂ ನೋಡುವುದಿಲ್ಲ, ಯಾರಿಗೂ ನಮಸ್ಕಾರ ಹೇಳಬೇಕಾಗಿಲ್ಲ. ಕರಾವಳಿಯ ಹತ್ತಿರ ನೀರು ಹಸಿರು ಮಿಶ್ರಿತ ಮಣ್ಣಿನ ಬಣ್ಣ, ಆಳಕ್ಕೆ ಹೋದ ಹಾಗೆ ಶಾಯಿಯಂಥ ನೀಲಿಯಾಗುತ್ತದೆ. ಎಂಟು ಗಂಟೆಯ ಎಳೆ ಬಿಸಿಲಲ್ಲಿ ಹಡಗು ಸೀಳಿದ ಅಲೆಯ ಅಂಚನ್ನು ನೋಡುತ್ತಾ ಇದ್ದರೆ ಒಮ್ಮೊಮ್ಮೆ ಹಾರುವ ಮೀನುಗಳು ಹೊರಗೆ ಚಿಮ್ಮುತ್ತವೆ. ಒಂದೆರಡಲ್ಲ, ಒಂದು ಮಂದೆಯೇ. ನೀರಿನ ಮೇಲೆ ಒಂದಡಿ ಎತ್ತರದಲ್ಲಿ ಬೆಳ್ಳಗೆ ಮಿಂಚಿ, ಎಷ್ಟೋ ಮೀಟರ್ ದೂರ ತೇಲಿಕೊಂಡೇ ಹೋಗಿ, ಮತ್ತೆ ಮುಳುಗುತ್ತವೆ. ಮೇಲಿನ ಪೂಲ್ ಡೆಕ್ಕಿನಿಂದ ಇದು ಕಾಣುವುದಿಲ್ಲ, ತುಂಬ ಎತ್ತರ. ಕೆಳಗಿನ ಬಾಲ್ಕನಿಯಿಂದಲೋ ನಡಿಗೆಯ ಡೆಕ್ಕಿನಿಂದಲೋ ಚೆನ್ನಾಗಿ ಕಾಣುತ್ತದೆ.

ಹಾಗಂತ ಬಾಲ್ಕನಿಗೇ ದುಡ್ಡು ಸುರಿಯಬೇಕಾ? ನನ್ನ ಲೆಕ್ಕ ಹೀಗೆ. ಕೈಯಲ್ಲಿರುವುದು ಒಂದು ಮೊತ್ತ. ಅದರಲ್ಲಿ ಬಾಲ್ಕನಿಯ ಎರಡು ರಾತ್ರಿ ಬರುತ್ತದೆ, ಇಲ್ಲವೇ ಒಳಗಿನ ಕ್ಯಾಬಿನ್ನಿನ ನಾಲ್ಕು ರಾತ್ರಿ ಬರುತ್ತದೆ ಅಂತಿದ್ದರೆ ನಾಲ್ಕು ರಾತ್ರಿಯೇ ಸರಿ. ಎರಡು ರಾತ್ರಿಯಲ್ಲಿ ಮೈ ಹಡಗಿಗೆ ಹೊಂದಿಕೊಳ್ಳುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ನಾಲ್ಕು ರಾತ್ರಿಯ ಲಕ್ಷದ್ವೀಪದ್ದರಲ್ಲಿ ಎರಡು ಕಡಲ ಹಗಲು ಸಿಗುತ್ತದೆ, ಎರಡನೆಯದು ಮೊದಲಿನದಕ್ಕಿಂತ ಯಾವಾಗಲೂ ಚೆನ್ನಾಗಿರುತ್ತದೆ, ಅಷ್ಟು ಹೊತ್ತಿಗೆ ಎಲ್ಲಿ ಕೂರಬೇಕು, ಯಾವಾಗ ಊಟಕ್ಕೆ ಹೋಗಬೇಕು ಅಂತ ನಿಮಗೇ ಗೊತ್ತಾಗಿರುತ್ತದೆ. ಎಂಪ್ರೆಸ್‌ನಂಥ ಹಳೇ ಹಡಗಲ್ಲಿ ಬಾಲ್ಕನಿಗಳೇ ಕಡಿಮೆ, ಬೇಕೆಂದರೆ ಸೂಟ್ ದರ್ಜೆಗೇ ಏರಬೇಕು, ಹಾಗಾಗಿ ಅಲ್ಲಿ ಕಿಟಕಿಯ ಕ್ಯಾಬಿನ್ನೇ ಜಾಣತನ. ದುಬೈ, ಸಿಂಗಾಪುರದ ಹೊಸ ಹಡಗುಗಳಲ್ಲಿ ಬಾಲ್ಕನಿ ಧಾರಾಳ ಇರುತ್ತದೆ, ಬೆಲೆಯ ವ್ಯತ್ಯಾಸವೂ ಅಷ್ಟು ಹೆದರಿಸುವುದಿಲ್ಲ.

ಯಾವ ಮಗ್ಗುಲು ಅಂತ ಕೂಡ ನೋಡಿ, ಏಜೆಂಟರು ಇದನ್ನು ಹೇಳುವುದೇ ಇಲ್ಲ. ಮುಂಬೈಯಿಂದ ದಕ್ಷಿಣಕ್ಕೆ ಹೋಗುವಾಗ ಪಶ್ಚಿಮ ನಿಮ್ಮ ಬಲಕ್ಕೆ, ಸೂರ್ಯಾಸ್ತ ಬಲಗಡೆಯ ಕ್ಯಾಬಿನ್ನಿಗೆ. ವಾಪಸ್ ಬರುವಾಗ ಎಡಕ್ಕೆ. ಎರಡೂ ದಾರಿಯಲ್ಲಿ ಕಡಲ ಹಗಲು ಇದ್ದರೆ ಯಾವುದಾದರೂ ಆಗುತ್ತದೆ, ಒಂದೇ ಇದ್ದರೆ ಅದಕ್ಕೆ ತಕ್ಕ ಮಗ್ಗುಲು ಕೇಳಿ. ಪಶ್ಚಿಮದ ಕಡೆ ಮಧ್ಯಾಹ್ನದ ಬಿಸಿಲು ನೇರ ಹೊಡೆಯುತ್ತದೆ ಅನ್ನುವುದೂ ಸತ್ಯ. ಮುಂಬೈ–ಕೊಚ್ಚಿ ದಾರಿಯಲ್ಲಿ ಪೂರ್ವದ ಕಡೆ ಕೂತರೆ ನಮ್ಮೂರು ಕಾಣುತ್ತದಾ ಅಂತ ಕೇಳುತ್ತಾರೆ. ಮೂವತ್ತು ಮೀಟರ್ ಎತ್ತರದ ಡೆಕ್ ಮೇಲೆ ನಿಂತರೂ ಕಣ್ಣಿಗೆ ಎಟಕುವ ಅಂಚು ಸುಮಾರು 20 ಕಿಲೋಮೀಟರ್. ಹಡಗು ಅದಕ್ಕಿಂತ ಬಹಳ ಹೊರಗೆ ಹೋದರೆ ಕಾಪು, ಮಲ್ಪೆ ಯಾವುದೂ ಕಾಣದು. ರಾತ್ರಿ ಮೀನಿನ ಬೋಟುಗಳ ದೀಪ ಕಂಡರೆ ಕಂಡೀತು.

ಜಾಗದ ವಿಷಯ: ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಅಲುಗಾಟ ಕಡಿಮೆ. ತೀರಾ ಮುಂದಿನ ಕ್ಯಾಬಿನ್ ಆದರೆ ಬೆಳ್ಳಂಬೆಳಗ್ಗೆ ಲಂಗರಿನ ಸರಪಳಿ ಸದ್ದು, ತೀರಾ ಹಿಂದಿನದಾದರೆ ಇಂಜಿನ್ ನಡುಕ. ಪೂಲ್ ಡೆಕ್ಕಿನ ಸರಿ ಕೆಳಗಿನದು ಬೇಡವೇ ಬೇಡ, ಆರು ಗಂಟೆಗೇ ಕುರ್ಚಿ ಎಳೆಯುವ ಸದ್ದು ತಲೆ ಮೇಲೆ. ಮೂರು, ನಾಲ್ಕನೆಯವರು ಇದ್ದರೆ ಅವರಿಗೆ ದರ ಕಡಿಮೆ, ಆದರೆ ಅವರು ಮಲಗುವುದು ಮೇಲಿಂದ ಇಳಿಯುವ ಬರ್ತಿನಲ್ಲಿ, ಏಣಿ ಹತ್ತಬೇಕು. ಅಪ್ಪ ಅಮ್ಮನನ್ನು ಅಲ್ಲಿಗೆ ಹತ್ತಿಸುವ ಯೋಚನೆ ಬಿಟ್ಟು ಬೇರೆ ಕ್ಯಾಬಿನ್ ಮಾಡಿ.

ಹಗಲು ಎಲ್ಲಿ ಕೂರುವುದು?

ಪೂಲ್ ಪಕ್ಕದ ಕುರ್ಚಿಗಳಿಗೆ ಬೆಳಗ್ಗೆಯೇ ಟವೆಲ್ ಹಾಸಿ ಹೋಗಿರುತ್ತಾರೆ, ಥೇಟ್ ನಮ್ಮ ಎಕ್ಸ್‌ಪ್ರೆಸ್ ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿದ ಹಾಗೆ. ಹನ್ನೊಂದರಿಂದ ಮೂರರ ತನಕ ಅಲ್ಲಿ ಸಂತೆ. ಅದರ ಬದಲು ಎರಡು ಹೊತ್ತು ನೆನಪಿಡಿ. ಒಂದು, ಆರೂವರೆಯಿಂದ ಎಂಟು. ಇನ್ನೊಂದು, ಸಂಜೆಯ ಶೋ ನಡೆಯುವಾಗ, ಹಡಗಿನ ಅರ್ಧ ಜನ ಒಳಗಿರುತ್ತಾರೆ. ನಡು ಮಧ್ಯಾಹ್ನಕ್ಕೆ ಲೈಫ್‌ಬೋಟುಗಳ ಕೆಳಗಿನ ನಡಿಗೆಯ ಡೆಕ್ ನೋಡಿ. ಅಲ್ಲಿ ನೆರಳು, ಗಾಳಿ, ಸದ್ದಿಲ್ಲ. ಸಂಗೀತ ಇಲ್ಲ, ಬಾರ್ ಇಲ್ಲ ಅಂತ ಜನ ಅತ್ತ ಹೋಗುವುದೇ ಕಡಿಮೆ.

ಕ್ಯಾಸಿನೊ, ತೆರಿಗೆ ಇಲ್ಲದ ಅಂಗಡಿಗಳು ಬಂದರಿನಲ್ಲಿ ಮುಚ್ಚಿರುತ್ತವೆ, ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ದಾಟಿದ ಮೇಲೆ ತೆರೆಯುತ್ತವೆ. ಹಾಗಾಗಿ ಕಡಲ ಹಗಲಿನಲ್ಲಿ ಅವು ಬಾಗಿಲು ತೆರೆದು ಕರೆಯುತ್ತಾ ಇರುತ್ತವೆ. ಬೇಡವಾದರೆ ಆ ಡೆಕ್ಕಿಗೇ ಹೋಗಬೇಡಿ. ಸ್ಪಾದವರು ಬಂದರಿನ ದಿನ ರಿಯಾಯಿತಿ ಕೊಡುತ್ತಾರೆ, ಕಡಲ ದಿನ ಪೂರ್ತಿ ದರ.

ಊಟದ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಮುಂಬೈ ಹಡಗಲ್ಲಿ ಸಸ್ಯಾಹಾರಿಗಳಿಗೆ, ಜೈನರಿಗೆ ಏನೂ ಕೊರತೆ ಇಲ್ಲ, ಪನೀರು, ದಾಲು, ಇಡ್ಲಿ ಎಲ್ಲ ಇರುತ್ತದೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ ಕೇಳಬೇಡಿ. ಸುತ್ತ ಇಷ್ಟು ಸಮುದ್ರ ಇದ್ದೂ ತಟ್ಟೆಗೆ ಬರುವುದು ಫ್ರೀಜರಿನ ಮೀನು, ಮಲ್ಪೆಯವರಿಗೆ ಒಂದು ತುತ್ತಿಗೇ ಗೊತ್ತಾಗುತ್ತದೆ. ಬಫೆಗೆ ಒಂದು ಗಂಟೆಗೆ ಹೋಗುವುದು ಬೇಡ, ಹನ್ನೆರಡಕ್ಕೋ ಎರಡಕ್ಕೋ ಹೋಗಿ. ಕೆಟಲ್, ಇಸ್ತ್ರಿ ಪೆಟ್ಟಿಗೆ ಬೆಂಕಿಯ ಭಯಕ್ಕೆ ಬಿಡುವುದಿಲ್ಲ, ತೆಗೆದಿಟ್ಟುಕೊಳ್ಳುತ್ತಾರೆ. ಕಷಾಯದ ಪುಡಿ ಬೇಕಾದರೆ ಒಯ್ಯಿರಿ, ಬಿಸಿನೀರು, ಹಾಲು ಬಫೆಯಲ್ಲಿ ಸಿಗುತ್ತದೆ.

ತಲೆಸುತ್ತು ಬರುವವರಿಗೆ

ಆಗುಂಬೆ, ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿ ಬಿಡದವರು ಇದನ್ನು ಓದಿ. ದೊಡ್ಡ ಹಡಗಿನ ಅಲುಗಾಟ ಘಾಟಿ ತಿರುವಿನ ಹಾಗಲ್ಲ, ನಿಧಾನ. ನೀರೊಳಗೆ ರೆಕ್ಕೆಯಂಥ ಸ್ಟೆಬಿಲೈಸರ್ ಇರುವುದರಿಂದ ಅಕ್ಕಪಕ್ಕದ ಓಲಾಟ ಕಡಿಮೆಯಾಗುತ್ತದೆ, ಮುಂದೆ ಹಿಂದೆ ಏರಿಳಿಯುವುದು ಅದರಿಂದ ನಿಲ್ಲುವುದಿಲ್ಲ. ನವೆಂಬರಿನಿಂದ ಫೆಬ್ರವರಿ ತನಕ ಅರಬ್ಬಿ ಸಮುದ್ರ ಹೆಚ್ಚಾಗಿ ಶಾಂತ. ಮೇ ಕೊನೆಯ ಹೊತ್ತಿಗೆ ಮೂಡ್ ಬದಲಾಗುತ್ತದೆ, ತೌಕ್ತೆ ಚಂಡಮಾರುತ ಬಂದದ್ದು 2021ರ ಮೇ ತಿಂಗಳಲ್ಲೇ ಅಲ್ವಾ? ಜೂನ್, ಜುಲೈಯಲ್ಲಿ ನಮ್ಮ ಬೋಟುಗಳೇ 61 ದಿನ ದಡದಲ್ಲಿರುತ್ತವೆ, ಆಗ ಪಶ್ಚಿಮದ ಕಡಲಲ್ಲಿ ಆರಾಮ ಹುಡುಕುವುದು ಬೇಡ.

ಔಷಧಿ ಅಂದರೆ ಅವೋಮಿನ್ ಎಲ್ಲರಿಗೂ ಗೊತ್ತು. ವಾಂತಿ ಶುರುವಾದ ಮೇಲೆ ತೆಗೆದುಕೊಂಡರೆ ಉಪಯೋಗ ಕಡಿಮೆ, ಮೊದಲೇ ತೆಗೆದುಕೊಳ್ಳಬೇಕು. ನಿದ್ದೆ ಬರಿಸುತ್ತದೆ, ಅರ್ಧ ದಿನ ಮಂಪರು. ಬೇರೆ ಮಾತ್ರೆ ನುಂಗುವ ಹಿರಿಯರು, ಬಸುರಿಯರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಕ್ಯಾಬಿನ್ನಿನಲ್ಲಿ ಮೊಬೈಲ್ ನೋಡುತ್ತಾ ಮಲಗಿದರೆ ಇನ್ನೂ ಜಾಸ್ತಿಯಾಗುತ್ತದೆ. ಹೊರಗೆ ಬನ್ನಿ, ಗಾಳಿಗೆ ನಿಂತು ನೀರು ಆಕಾಶ ಕೂಡುವ ಗೆರೆಯನ್ನೇ ನೋಡಿ, ಶುಂಠಿ ಚೂರು ಬಾಯಲ್ಲಿರಲಿ.

ದುಡ್ಡು, ಫೋನು

ಜಾಹೀರಾತಿನ ದರ ನಂಬಬೇಡಿ. ಅದರ ಮೇಲೆ ತೆರಿಗೆ, ಬಂದರು ಶುಲ್ಕ, ದಿನಕ್ಕೆ ತಲೆಗೆ ಇಷ್ಟು ಅಂತ ಸೇವಾ ಟಿಪ್ಸು, ರೈಲು ಅಥವಾ ವಿಮಾನ, ಮುಂಬೈಯಲ್ಲಿ ಒಂದು ರಾತ್ರಿ, ವೀಸಾ. ಎಲ್ಲ ಕೂಡಿಸಿ ಕಡಲ ಹಗಲುಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಅಗ್ಗ ಅಂದುಕೊಂಡ ಗೋವಾ ಪ್ರವಾಸದಲ್ಲಿ ಭಾಗಿಸಲಿಕ್ಕೆ ಸೊನ್ನೆ ಸಿಗುತ್ತದೆ.

ದಡ ಬಿಟ್ಟು ಸ್ವಲ್ಪ ಹೊತ್ತಿಗೆ ನೆಟ್‌ವರ್ಕ್ ಹೋಗುತ್ತದೆ. ಆಮೇಲೆ ಫೋನು ಹಡಗಿನದೇ ಟವರಿಗೆ ಸಿಕ್ಕಿಕೊಂಡರೆ ಬಿಲ್ಲು ನೋಡಿ ತಲೆ ತಿರುಗುತ್ತದೆ. ಹತ್ತಿದ ಕೂಡಲೇ ಏರ್‌ಪ್ಲೇನ್ ಮೋಡಿಗೆ ಹಾಕಿ. ವೈಫೈ ಬೇಕಾದರೆ ಪ್ಯಾಕ್ ಕೊಳ್ಳಬಹುದು. ನನ್ನ ಮಾತು ಕೇಳುವುದಾದರೆ ಕೊಳ್ಳಬೇಡಿ, ಮನೆಯವರಿಗೆ ಮೊದಲೇ ಹೇಳಿ ಬಿಡಿ.

ಅರ್ಧ ದಿನ ಸಾಕು ಅನ್ನುವವರಿಗೆ

ಇಷ್ಟೆಲ್ಲ ಓದಿ "ನನಗೆ ಇದು ಆಗುವ ಕೆಲಸ ಅಲ್ಲ" ಅನಿಸಿದರೆ ಒಳ್ಳೆಯದೇ, ದುಡ್ಡು ಉಳಿಯಿತು. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಬೋಟಲ್ಲಿ ಅರ್ಧ ಗಂಟೆ ಸಾಕು. ಜ್ವಾಲಾಮುಖಿಯ ಲಾವಾ ತಣ್ಣಗಾಗಿ ಕಂಬ ಕಂಬವಾಗಿ ನಿಂತ ಕಲ್ಲುಗಳು, ತೆಂಗಿನ ಮರ. ಭಾನುವಾರ ಬಿಟ್ಟು ವಾರದ ದಿನ ಬೆಳಗ್ಗೆ ಮೊದಲ ಬೋಟಿಗೇ ಹೋಗಿ. ಮಳೆಗಾಲದಲ್ಲಿ ಬೋಟ್ ಇಲ್ಲ, ರಾತ್ರಿ ಉಳಿಯುವ ಹಾಗಿಲ್ಲ. ಅಲುಗಾಟವೇ ಬೇಡ ಅನ್ನುವ ಹಿರಿಯರಿಗೆ ಕೆಮ್ಮಣ್ಣು, ಕೋಡಿ ಬೆಂಗ್ರೆ ಕಡೆಯ ಹಿನ್ನೀರಿನ ಬೋಟು ಚೆನ್ನ. ಹೊಳೆ ಅಲ್ಲಿ ಎಷ್ಟು ನಿಧಾನ ಅಂದರೆ ಬೋಟು ಹೊರಟದ್ದೇ ಗೊತ್ತಾಗುವುದಿಲ್ಲ.

ಹಡಗೇ ಅಂತ ನಿರ್ಧಾರ ಮಾಡಿದವರಿಗೆ ಹೊರಡುವ ವಿಷಯ ಒಂದೆರಡು. ಮಧ್ಯಾಹ್ನ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಗ್ಗೆ ಲೋಕಮಾನ್ಯ ತಿಲಕ್ ಟರ್ಮಿನಸ್. ಅಲ್ಲಿಂದ ಕ್ರೂಸ್ ಟರ್ಮಿನಲ್ ಇರುವುದು ದಕ್ಷಿಣ ಮುಂಬೈಯ ಬಲ್ಲಾರ್ಡ್ ಪಿಯರ್ ಕಡೆ, ಬೆಳಗಿನ ಟ್ರಾಫಿಕ್‌ನಲ್ಲಿ ಹೊತ್ತು ಹಿಡಿಯುತ್ತದೆ. ರೈಲು ತಡವಾಯಿತು ಅಂತ ಹಡಗು ಕಾಯುವುದಿಲ್ಲ, ಒಂದು ದಿನ ಮೊದಲೇ ಹೋಗಿ ಅಲ್ಲಿ ಮಲಗಿ. ಹತ್ತುವಾಗ ದೊಡ್ಡ ಬ್ಯಾಗು ಅವರಿಗೆ ಕೊಟ್ಟರೆ ಕ್ಯಾಬಿನ್ನಿಗೆ ಬರುವುದು ಸಂಜೆಯ ಹೊತ್ತಿಗೆ, ಹಾಗಾಗಿ ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಹೊರಡುವ ಮೊದಲು ಲೈಫ್‌ಜಾಕೆಟ್ ತರಬೇತಿ ಎಲ್ಲರಿಗೂ ಕಡ್ಡಾಯ, ಅದು ಮುಗಿಸಿ ಬಂದರೆ ಮತ್ತೆ ಯಾರೂ ನಿಮ್ಮನ್ನು ಎಲ್ಲಿಗೂ ಕರೆಯುವುದಿಲ್ಲ. ಇಳಿಯುವ ದಿನ ಬೆಳಗ್ಗೆ ಒಂಬತ್ತು–ಹತ್ತು ಗಂಟೆಯೊಳಗೆ ಹೊರಗೆ ಹಾಕಿಬಿಡುತ್ತಾರೆ. ಊರಿನ ರೈಲು ಮಧ್ಯಾಹ್ನದ ಮೇಲಿನದ್ದೇ ಮಾಡಿ.